ಐದನೆಯ ಕೈ

ನಾಗಮಂಗಲದ ಕಾಲೇಜೊಂದರಲ್ಲಿ ನಾನು ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ತರಗತಿಯಲ್ಲಿ ಒಂದು ತಪ್ಪು ಮಾಡಿದೆ. ಅದನ್ನು ಕಂಡವನು ಒಬ್ಬನೇ ಹುಡುಗ.

ಆ ವರ್ಷ, ಜಗತ್ತಿನ ದೇಶಗಳೆಲ್ಲ ಸೇರಿ ಕೂರುವ ಮಹಾಸಂಸ್ಥೆಯ ಅಣಕು ಸಭೆ ಏರ್ಪಡಿಸಿದ್ದೆ. ಒಬ್ಬೊಬ್ಬರಿಗೆ ಒಂದೊಂದು ದೇಶ. ಯಾವ ಠರಾವನ್ನೂ ಒಬ್ಬರೇ ತಡೆಯಬಲ್ಲ ವೀಟೋ ಇರುವ ಐದು ದೊಡ್ಡ ದೇಶಗಳನ್ನು ಐದು ಹುಡುಗರಿಗೆ ಕೊಟ್ಟೆ. ಹೊಣಕೆರೆ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿಯೊಬ್ಬಳ ಪಾಲಿಗೆ ಆಫ್ರಿಕಾದ ಪುಟ್ಟ ದೇಶವೊಂದು ಬಂತು. ವೀಟೋ ತೆಗೆದುಹಾಕಬೇಕೆಂಬ ಠರಾವು ತಂದವಳು ಅವಳೇ.

“ಸಾ, ನಿಯಮ ಬದ್ಲಾಯ್ಸಕ್ಕೂ ಆ ಐದು ಜನಾನೂ ಒಪ್ಬೇಕಂತಲ್ಲ,” ಎಂದು ಸಭೆಯ ಹಿಂದಿನ ದಿನ ಕೇಳಿದಳು. “ಅವ್ರ ಅಧಿಕಾರ ತೆಗಿಯಕ್ಕೆ ಅವ್ರನ್ನೇ ಕೇಳ್ಬೇಕಾ?”

“ಅದೇ ಅಲ್ಲಿರೋ ಕಷ್ಟ ಕಣಮ್ಮ.”

“ಅಂಗಾದ್ರೆ ಕೇಳ್ತೀನಿ ಬುಡಿ ಸಾ.”

ಕೇಳಿಯೇ ಕೇಳಿದಳು. ಊಟದ ಬಿಡುವಿನಲ್ಲಿ ಐವರ ಬಳಿಯೂ ಹೋಗಿ ಕೂತು ವಾದ ಮಾಡಿದಳು. ನಾಲ್ವರು ಒಪ್ಪಿದರು. ಐದನೆಯವನು ಜಗ್ಗಲಿಲ್ಲ. “ನೀನೊಬ್ಬ ಬ್ಯಾಡ ಅಂದ್ರೆ ನಾವೆಲ್ಲ ಸುಮ್ಕಿರ್ಬೇಕು. ಮತ್ತೆ ನಮ್ಮನ್ನ ಯಾಕ್ಲಾ ಸಭೆಗೆ ಕರೀತೀರ?” ಎಂದು ಅವಳು ಅವನನ್ನು ಕೇಳಿದ್ದು ವರಾಂಡದವರೆಗೂ ಕೇಳಿಸಿತು.

ಸಭೆಯ ದಿನ ಪ್ರಿನ್ಸಿಪಾಲರು, ಬೇರೆ ಕಾಲೇಜಿನ ಇಬ್ಬರು ಅಧ್ಯಾಪಕರು ಮುಂದಿನ ಸಾಲಿನಲ್ಲಿದ್ದರು. ಇಂಥ ಸಂಸ್ಥೆಗಳ ಸುಧಾರಣೆ ಪ್ರತಿಸಲವೂ ಏಕೆ ಸೋಲುತ್ತದೆ ಎಂಬ ಸಮಾರೋಪ ಭಾಷಣ ನನ್ನ ಜೇಬಿನಲ್ಲಿ ಸಿದ್ಧವಾಗಿತ್ತು. ವಾರವಿಡೀ ಕೂತು ತಿದ್ದಿದ ನಾಲ್ಕು ಪುಟ. ಮತಕ್ಕೆ ಹಾಕಿದಾಗ ಆ ಐವರಲ್ಲಿ ನಾಲ್ವರ ಕೈಗಳು ಮೇಲೆದ್ದವು. ಐದನೆಯವನು ಅವಳನ್ನೇ ನೋಡುತ್ತಿದ್ದ. ಅವನ ಕೈ ನಿಧಾನವಾಗಿ ಭುಜದ ತನಕ ಬಂತು.

ನಾನು ಅವಳ ಬೆನ್ನ ಹಿಂದೆ ಅಧ್ಯಕ್ಷನ ಮೇಜಿನ ಬಳಿ ನಿಂತಿದ್ದೆ. ಅವನು ನನ್ನ ಕಡೆ ನೋಡಿದ. ಉಳಿದವರ ಕಣ್ಣೆಲ್ಲ ಅವನ ಕೈಯ ಮೇಲಿತ್ತು. ಬೇಡ ಎಂದು ತಲೆಯಾಡಿಸಿದೆ.

ಕೈ ಕೆಳಗಿಳಿಯಿತು. “ನಮ್ಮ ದೇಶ ಒಪ್ಪಲ್ಲ,” ಎಂದ.

ನನ್ನ ಭಾಷಣಕ್ಕೆ ಒಳ್ಳೆಯ ಚಪ್ಪಾಳೆ ಬಿತ್ತು. ಎಲ್ಲರೂ ಹೋದಮೇಲೆ ಅವಳು ಬಂದು, “ಅವ್ನು ಕೈ ಎತ್ತೋನಿದ್ದ ಅಲ್ವಾ ಸಾ?” ಎಂದಳು.

“ಇಲ್ಲಮ್ಮ, ನಿನಗೆ ಹಾಗನ್ನಿಸಿರಬೇಕು,” ಎಂದೆ.

ಆ ವರ್ಷ ಮುಗಿಯುವವರೆಗೆ ಅವಳು ತರಗತಿಯಲ್ಲಿ ಮತ್ತೊಂದು ಪ್ರಶ್ನೆ ಕೇಳಲಿಲ್ಲ. ಹೇಳಿಬಿಡಬೇಕು ಎಂದು ಎಷ್ಟೋ ಸಲ ಅಂದುಕೊಂಡೆ. ಹೇಳಿದರೆ ಮೇಷ್ಟ್ರ ಮರ್ಯಾದೆ ಏನಾದೀತು ಎಂಬ ಅಳುಕು. ಅಷ್ಟರಲ್ಲಿ ಪರೀಕ್ಷೆ ಬಂತು, ಅವಳು ಪಾಸಾಗಿ ಹೋದಳು.

ಹೋದ ತಿಂಗಳು ಬೆಳ್ಳೂರು ಕ್ರಾಸಿನ ಹೋಟೆಲಿನಲ್ಲಿ ಸಿಕ್ಕಿದಳು. ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆಯಂತೆ. ಟೀ ಕುಡಿಯುತ್ತ, ಅವಳು ಕೇಳದಿದ್ದರೂ ಎಲ್ಲವನ್ನೂ ಹೇಳಿದೆ.

“ಅಂದ್ರೆ ಅವ್ನು ಒಪ್ಪಿದ್ದ,” ಎಂದಳು. “ಐದು ಜನಾನೂ ಒಪ್ಸಿದ್ದೆ ನಾನು. ನಂಗೆ ಮಾತಾಡಕ್ಕೇ ಬರಲ್ಲ ಅನ್ಕೊಂಡು ಅವತ್ತಿಂದ ಎಲ್ಲ ಕಡೆ ಬಾಯ್ಮುಚ್ಕೊಂಡು ಇದ್ಬುಟ್ಟೆ. ಆವಾಗ್ಲೇ ಯೋಳ್ಬೋದಿತ್ತಲ್ವಾ ಸಾ.”

ದನಿಯಲ್ಲಿ ಕೋಪವಿರಲಿಲ್ಲ. ಕ್ಷಮಿಸಮ್ಮ ಎಂದೆ. ಹಾಸನದ ಬಸ್ಸು ಬಂದು ನಿಂತಿತು. “ಬರ್ತೀನಿ ಸಾ,” ಎಂದು ಹೋಗಿ ಹತ್ತಿಕೊಂಡಳು.