ಕೆಡದ ಇಂಜಿನ್ನಿಗೆ ಬಂದ ಕೆಟ್ಟ ಹೆಸರು

ಬೆಳಗಿನ ಜಾವ ಐದೂವರೆ. ವಿಮಾನ ನಿಲ್ದಾಣದ ಒಂದು ಮೂಲೆಯಲ್ಲಿ ಮಂಜಿಗೆ ಒದ್ದೆಯಾಗಿ ನಿಂತಿರುವ ಹಳೆಯ ಡಕೋಟಾ ವಿಮಾನದ ಸುತ್ತ ಪೈಲಟ್ ಜಯಸಿಂಹ ಟಾರ್ಚು ಹಿಡಿದು ನಡೆಯುತ್ತಾರೆ. ರೆಕ್ಕೆಯ ಅಂಚನ್ನು ಅಂಗೈಯಲ್ಲಿ ಸವರುತ್ತಾರೆ, ಎಣ್ಣೆ ಸೋರಿದೆಯೇ ಎಂದು ಮೊಣಕಾಲೂರಿ ಇಂಜಿನ್ನಿನ ಕೆಳಗೆ ಇಣುಕುತ್ತಾರೆ. ಅತ್ತ ಬಾಗಿಲಲ್ಲಿ ಪತ್ರಿಕೆಯ ಕಟ್ಟುಗಳು ಒಳಗೆ ಹೋಗುತ್ತಿವೆ. ಅವುಗಳ ಹಿಂದೆ ತೂತು ಕೊರೆದ ರಟ್ಟಿನ ಪೆಟ್ಟಿಗೆಗಳು. ಒಂದೊಂದರಲ್ಲೂ ನೂರು ಕೋಳಿಮರಿ, ನಿನ್ನೆ ಮೊಟ್ಟೆ ಒಡೆದು ಬಂದವು.

"ಸಾರ್, ಇವತ್ತು ಪ್ಯಾಸೆಂಜರು ಎರಡು ಸಾವಿರ! ಒಬ್ರೂ ಟಿಕೆಟ್ ತಗೊಂಡಿಲ್ಲ!" ಎಂದು ಸಾಮಾನು ಹೇರುವ ಶಾಂತವೀರಪ್ಪ ಕೂಗುತ್ತಾರೆ.

"ಗಲಾಟೆ ಮಾಡಿದ್ರೆ ದಾರೀಲೇ ಇಳಿಸಿಬಿಡೋಣ ಬಿಡಿ," ಎನ್ನುತ್ತಾರೆ ಜಯಸಿಂಹ. ನಗುವುದಿಲ್ಲ.

ಮಂಗಳೂರಿನಲ್ಲಿ ಕಾಫಿಯ ಜೊತೆ ಪತ್ರಿಕೆ ಬಿಡಿಸುವವರಿಗೆ, ಅದನ್ನು ಘಟ್ಟ ದಾಟಿಸಿ ತಂದವರು ಯಾರೆಂದು ಗೊತ್ತಿಲ್ಲ. ಗೊತ್ತಾಗುವ ಕಾರಣವೂ ಇಲ್ಲ. ತುಂಗಾ ಏರ್‌ವೇಸ್ ಎಂಬ ಈ ಪುಟ್ಟ ಕಂಪನಿಯಲ್ಲಿ ಜಯಸಿಂಹ ಏಳು ವರ್ಷದಿಂದ ವಾರಕ್ಕೆ ಆರು ದಿನ ಹಾರುತ್ತಿದ್ದಾರೆ. ದಿನಕ್ಕೆ ಎರಡು ಟನ್ನಿಗಿಂತ ಹೆಚ್ಚು ಸರಕು. ಒಟ್ಟು ಐದು ಸಾವಿರ ಗಂಟೆ ಆಕಾಶದಲ್ಲಿ ಕಳೆದಿದ್ದಾರೆ. ಮಳೆಗಾಲದಲ್ಲಿ ಘಟ್ಟದ ಮೋಡ ಕವಿದಾಗ ಹೋದ ದಾರಿಯಲ್ಲೇ ಹಿಂದಿರುಗಿದ್ದೂ ಉಂಟು. "ಅವತ್ತು ಕೋಳಿಮರಿಗಳೂ ಗಪ್‌ಚುಪ್ ಸಾರ್," ಎನ್ನುತ್ತಾರೆ ಶಾಂತವೀರಪ್ಪ.

ಜಯನಗರ ನಾಲ್ಕನೇ ಬ್ಲಾಕಿನಲ್ಲಿ ತಾಯಿ ಸೀತಾಲಕ್ಷ್ಮಿಯವರ ಜೊತೆ ಜಯಸಿಂಹರ ವಾಸ. ಪೈಲಟ್ ಲೈಸೆನ್ಸು ಕೈಗೆ ಬಂದಾಗ ಅವರಿಗೆ ಇಪ್ಪತ್ತೈದು ವರ್ಷ. ಕೆಲಸ ಮಾತ್ರ ಮೂರು ವರ್ಷ ಬರಲಿಲ್ಲ. ಬಡಾವಣೆಯ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತ ಸೈಕಲ್ ತುಳಿದರು. "ಏನು ಪೈಲಟ್ ಸಾಹೇಬ್ರೆ, ಇವತ್ತು ಎಷ್ಟು ಎತ್ತರದಲ್ಲಿ ಹಾರಾಟ?" ಎಂದು ಅಂಗಡಿಯ ಕಟ್ಟೆಯ ಮೇಲಿನವರು ಕೇಳುತ್ತಿದ್ದರು. ತಲೆ ತಗ್ಗಿಸಿ ಪೆಡಲ್ ಒತ್ತುವುದನ್ನು ಅವರು ಅಲ್ಲೇ ಕಲಿತದ್ದು.

ಕೆಲಸ ಹೇಗೆ ಸಿಕ್ಕಿತೆಂದು ಕೇಳಿದವರಿಗೆಲ್ಲ ಇಷ್ಟು ವರ್ಷ ಒಂದೇ ಉತ್ತರ: ಅದೃಷ್ಟ. ಈ ವಾರ, ಈ ಲೇಖನಕ್ಕಾಗಿ ಮಾತಾಡಿಸಿದಾಗ, ಉತ್ತರ ಬೇರೆ.

"ಸುಳ್ಳು ಹೇಳಿ ತಗೊಂಡ ಕೆಲಸ ಇದು," ಎನ್ನುತ್ತಾರೆ. ಕಣ್ಣು ನೆಲದ ಮೇಲೆ. "ಹೆಸರು ಹಾಕೇ ಬರೀರಿ. ಮುಚ್ಚಬೇಡಿ."

ಅದು ೧೯೫೯ರ ಒಂದು ಸೋಮವಾರ. ಹನ್ನೊಂದು ಜನ ಅರ್ಜಿದಾರರು, ಒಂದೇ ಕೆಲಸ. ಒಂದು ಖಾಸಗಿ ವಿಮಾನ ಕ್ಲಬ್ಬಿನಲ್ಲಿ ಹಾರಿ ತೋರಿಸಬೇಕಿತ್ತು. ಜಯಸಿಂಹರ ಸರದಿ ಬಂದದ್ದು ಏಳೂ ಮುಕ್ಕಾಲಿಗೆ. ಸೋಮವಾರ ಏಳೂವರೆಯಿಂದ ಒಂಬತ್ತರವರೆಗೆ ರಾಹುಕಾಲ. "ಬೇರೆ ಏನಾದ್ರೂ ಮಾಡು, ರಾಹುಕಾಲದಲ್ಲಿ ಮಾತ್ರ ನೆಲ ಬಿಡಬೇಡ ಕಣೋ," ಎಂದು ತಾಯಿ ಹಿಂದಿನ ದಿನ ದೇವರ ಮುಂದೆ ಆಣೆ ಹಾಕಿಸಿಕೊಂಡಿದ್ದರು. ಪರೀಕ್ಷೆ ಮಾಡುವವರು ಕಂಪನಿಯ ಹಿರಿಯ ಪೈಲಟ್ ರಾಮಪ್ರಸಾದ್. ಅವರ ಮುಂದೆ ರಾಹುಕಾಲವೆಂದರೆ ನಕ್ಕು ಮನೆಗೆ ಕಳಿಸುತ್ತಾರೆಂಬ ಭಯ.

ರಾಮಪ್ರಸಾದರು ದೂರದ ವರಾಂಡದಲ್ಲಿ ಇನ್ನೂ ಕಾಫಿ ಕುಡಿಯುತ್ತಿದ್ದರು. ಜಯಸಿಂಹ ವಿಮಾನದಲ್ಲಿ ಒಬ್ಬರೇ ಕೂತು ಇಂಜಿನ್ ಓಡಿಸಿ ನೋಡಿದರು, ನಿಲ್ಲಿಸಿದರು. ಕೆಳಗೆ ನಿಂತಿದ್ದ ಕ್ಲಬ್ಬಿನ ಮೆಕ್ಯಾನಿಕ್ ಬೈರಣ್ಣನಿಗೆ, ಬಲಗಡೆಯ ಮ್ಯಾಗ್ನೆಟೋ ಸರಿಯಿಲ್ಲ ಎಂದರು. ಇಂಜಿನ್ನಿಗೆ ಕಿಡಿ ಕೊಡುವ ಯಂತ್ರ ಅದು. ಅದು ಕೆಟ್ಟರೆ ಹಾರುವಂತಿಲ್ಲ.

"ಸದ್ದು ಸರಿಯಾಗೇ ಇತ್ತಲ್ಲ ಸಾರ್?" ಎಂದರು ಬೈರಣ್ಣ.

"ಮೀಟರ್ ನೋಡಿದೋನು ನಾನು. ನೀವು ಬಿಚ್ಚಿ ನೋಡಿ."

ಬೈರಣ್ಣ ಬಿಚ್ಚಿದರು, ಜೋಡಿಸಿದರು, ಮತ್ತೆ ಬಿಚ್ಚಿದರು. ಗಡಿಯಾರ ಒಂಬತ್ತು ದಾಟಿತು. ಆಮೇಲೆ ಜಯಸಿಂಹ, ಈಗ ಸರಿಯಾಯಿತು ಎಂದು ಹೇಳಿ, ಹೂವೆತ್ತಿದ ಹಾಗೆ ಹಾರಿ, ಹೂವಿಟ್ಟ ಹಾಗೆ ಇಳಿಸಿದರು. ರಾಮಪ್ರಸಾದರು ಬೆನ್ನು ತಟ್ಟಿದರು: "ಹಾರೋರು ಬೇಕಾದಷ್ಟು ಜನ ಸಿಗ್ತಾರೆ ಕಣಯ್ಯ. ಹಾರಲ್ಲ ಅನ್ನೋ ಧೈರ್ಯ ಇರೋನು ನಂಗೆ ಬೇಕು." ಕೆಟ್ಟ ಮ್ಯಾಗ್ನೆಟೋದ ವಿಮಾನವನ್ನು ಪರೀಕ್ಷೆಗೆ ಬಿಟ್ಟರೆಂದು ಅದೇ ದಿನ ಬೈರಣ್ಣನ ಕಡತದಲ್ಲಿ ಕ್ಲಬ್ಬಿನವರು ಕೆಂಪು ಮಸಿಯಲ್ಲಿ ಒಂದು ಸಾಲು ಬರೆದರು: ಕೆಲಸದಲ್ಲಿ ನಿಗಾ ಇಲ್ಲ. ಮೂರು ತಿಂಗಳಿಗೆ ಆಳು ಕಡಿಮೆ ಮಾಡುವಾಗ ಮೊದಲು ಹೋದ ಹೆಸರು ಅವರದು.

"ನಂಗೆ ಗೊತ್ತಾಗಿತ್ತು," ಎನ್ನುತ್ತಾರೆ ಜಯಸಿಂಹ. "ಗೊತ್ತಿಲ್ಲ ಅಂದ್ರೆ ಅದೂ ಸುಳ್ಳೇ. ಯಡಿಯೂರಿನಲ್ಲಿ ಅವರು ಸ್ಕೂಟರ್ ರಿಪೇರಿ ಅಂಗಡಿ ಇಟ್ಟಿದ್ದೂ ಗೊತ್ತು. ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ನನ್ನ ಸ್ಕೂಟರ್ ಕೆಟ್ರೆ ಬನಶಂಕರಿವರೆಗೂ ತಳ್ಳಿಕೊಂಡು ಹೋಗ್ತಿದ್ದೆ."

ಹೋದ ವಾರ ಕಂಪನಿಗೆ ಮೆಕ್ಯಾನಿಕ್ ಕೆಲಸದ ಅರ್ಜಿಗಳು ಬಂದವು. ಒಂದು ಬೈರಣ್ಣನದು. ರಾಮಪ್ರಸಾದರು ಅದನ್ನು ಜಯಸಿಂಹರ ಮುಂದೆ ಹಿಡಿದು, "ಇವನೇ ಅಲ್ವೇನಯ್ಯಾ ಅವತ್ತಿನ ಆಸಾಮಿ? ಪಕ್ಕಕ್ಕಿಡ್ಲಾ?" ಎಂದು ಕೇಳಿದರು. ಹೊತ್ತಾಯಿತೆಂದು ಹೇಳಿ ಜಯಸಿಂಹ ಹೊರಗೆ ನಡೆದರು. ಮೂರನೇ ದಿನ ಹೋಗಿ ಎಲ್ಲವನ್ನೂ ಹೇಳಿದರು.

ರಾಮಪ್ರಸಾದರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಿನ್ನನ್ನ ತಗೊಂಡಿದ್ದೇ ಆ ಒಂದು ಮಾತಿಗೆ," ಎಂದಷ್ಟೇ ಹೇಳಿ, ಬರೆದು ಕೊಡು ಎಂದರು. ಕಾಗದ ಈಗ ಮಾಲೀಕರ ಮೇಜಿನ ಮೇಲಿದೆ. ಜಯಸಿಂಹರ ಕೆಲಸ ಉಳಿಯುತ್ತದೋ ಇಲ್ಲವೋ, ಯಾರೂ ಹೇಳಲಾರರು.

ಭಾನುವಾರ ಜಯಸಿಂಹ ಯಡಿಯೂರಿಗೆ ಹೋಗುತ್ತಾರೆ. ಬೈರಣ್ಣ ಕುಕ್ಕುರುಗಾಲಲ್ಲಿ ಕೂತು ಲ್ಯಾಂಬ್ರೆಟಾ ಸ್ಕೂಟರೊಂದರ ಹೊಟ್ಟೆಗೆ ಕೈ ಹಾಕಿದ್ದಾರೆ. ನಿಂತೇ ಹೇಳಿ ಮುಗಿಸುತ್ತಾರೆ ಜಯಸಿಂಹ. ಬೈರಣ್ಣ ತಲೆ ಎತ್ತುವುದಿಲ್ಲ.

"ಕೇಳಿಸ್ತಾ ಬೈರಣ್ಣ?"

"ಕೇಳಿಸ್ತು." ಕೈ ಒರೆಸಿಕೊಂಡು ಒಳಗೆ ಕೂಗುತ್ತಾರೆ: "ಲೇ, ಬಾ ಇಲ್ಲಿ! ಸಾರ್, ಇನ್ನೊಂದ್ಸಲ ಹೇಳಿ. ಇವಳ ಎದುರಿಗೆ."

ಅವರ ಹೆಂಡತಿ ಮುನಿಲಕ್ಷ್ಮಮ್ಮ ಸೆರಗಿಗೆ ಕೈ ಒರೆಸುತ್ತ ಬಂದು ನಿಲ್ಲುತ್ತಾರೆ. ಜಯಸಿಂಹ ಎರಡನೇ ಸಲ ಹೇಳುತ್ತಾರೆ. ಆಕೆ ಪೂರ್ತಿ ಕೇಳಿ, "ಅಲ್ಲ ಸ್ವಾಮಿ, ಒಂದೂವರೆ ಗಂಟೆ ರಾಹುಕಾಲ ತಪ್ಪಿಸ್ಕೊಂಡ್ರಿ ನೀವು. ಅದು ನಮ್ಮನೇಗೆ ಬಂದು ಏಳು ವರ್ಷ ಕೂತ್ಕೊಂತಲ್ಲ!" ಎನ್ನುತ್ತಾರೆ.

"ಎಷ್ಟು ಬಿಚ್ಚಿದ್ರೂ ಏನೂ ಸಿಕ್ಕಲಿಲ್ಲ," ಎನ್ನುತ್ತಾರೆ ಬೈರಣ್ಣ ಮೆಲ್ಲಗೆ. "ನಂಗೇ ಕಾಣಿಸ್ತಿಲ್ಲ ಅಂದ್ಕೊಂಡೆ. ಅವತ್ತಿಂದ ಒಂದು ನಟ್ ಬಿಗಿ ಮಾಡಿದ್ರೂ ಎದ್ದೆದ್ದು ಹೋಗಿ ನೋಡ್ತೀನಿ. ಕಣ್ಣು ಸರಿಯಿಲ್ವೇನೋ ಅಂತ ಮಿಂಟೋ ಆಸ್ಪತ್ರೆಗೂ ಹೋಗಿಬಂದೆ."

"ನನ್ನನ್ನ ಕ್ಷಮಿಸಿ ಬೈರಣ್ಣ."

"ಅದೆಲ್ಲ ಆಗೋವಾಗ ಆಗ್ಲಿ ಸಾರ್. ಮೊದ್ಲು ಕ್ಲಬ್ಬಿಗೆ ಬನ್ನಿ. ನನ್ನ ಜೊತೆ ಕೆಲಸ ಮಾಡಿದೋರು ನಾಲ್ಕು ಜನ ಇನ್ನೂ ಅಲ್ಲೇ ಇದ್ದಾರೆ. ಅವರ ಮುಂದೆ ಹೇಳಿ. ಕಾಗದದಲ್ಲಿ ಬೇಡ, ಬಾಯಲ್ಲಿ."

"ನಾಳೆನೇ ಬರ್ತೀನಿ."

ಕೆಲಸ ಸಿಗುವುದೋ ಎಂದು ಬೈರಣ್ಣ ಕೇಳುವುದಿಲ್ಲ. ಸ್ಪ್ಯಾನರು ಎತ್ತಿಕೊಂಡು ಮತ್ತೆ ಸ್ಕೂಟರಿನ ಪಕ್ಕ ಕೂರುತ್ತಾರೆ.

"ಆ ನಾಲ್ಕು ಜನರಲ್ಲಿ ಯಾರಾದ್ರೂ ಎದುರಿಗೆ ಬಂದ್ರೆ ನಾನು ಗಲ್ಲಿ ತಿರುಗಿಬಿಡ್ತಿದ್ದೆ," ಎನ್ನುತ್ತಾರೆ. "ಇನ್ಮೇಲೆ ನೆಟ್ಟಗೆ ಹೋಗ್ತೀನಿ."