ನಿಂಗವ್ವ ಹಾಲು ಮಾರಿದಳು

ಬಂಧುಗಳೇ, ಮೊನ್ನೆ ತೀರಿಕೊಂಡ ಗೆಳೆಯ, ಸಹೋದ್ಯೋಗಿ ಶರಣಪ್ಪನ ನೆನಪಿಗೆ ಇವತ್ತು ನಮ್ಮ ಮಾನ್ವಿ ತಹಶೀಲ ಕಚೇರಿಯಲ್ಲಿ ನಾನು ಎಲ್ಲರಿಗೂ ಹಾಲು ಹಂಚಬೇಕಿತ್ತು. ಹಾಲು ಮಾರಿದರೆ ಎಮ್ಮೆ ಬತ್ತುತ್ತದೆ ಎನ್ನುವ ಜನಕ್ಕೆ "ಮಾರ್ರಿ, ಡೈರಿ ಕಟ್ಟೋಣು" ಎಂದು ಮನೆಮನೆ ತಿರುಗಿದವನು ಅವನು. ಒಬ್ಬರೂ ಒಪ್ಪಿರಲಿಲ್ಲ. ಬಂದವರಿಗೆಲ್ಲ ಪುಕ್ಕಟೆ ಹಾಲು ಕೊಡುವ ನಿಂಗವ್ವನ ಮನೆಗೆ ಕೊಡ ಹಿಡಿದು ಹೋದೆ. ವಿಷಯ ಕೇಳಿ ಕಣ್ಣೊರೆಸಿಕೊಂಡು ತುಂಬಿಸಿದಳು. ಎತ್ತಿಕೊಳ್ಳಲು ಹೋದರೆ ಕೈ ಅಡ್ಡ ಹಿಡಿದಳು.

"ರೊಕ್ಕ ತಗೀ ಯಪ್ಪಾ. ಮಾರು ಮಾರು ಅಂತ ಪಾಪ ಗಂಟ್ಲ ಹರ್ಕೊಂಡ್ರು. ಇವತ್ತರ ಅವರ ಮಾತು ನಡಸ್ತೀನಿ."

"ಇವತ್ತೇ ನಡಸಬೇಕೇನಬೇ ಯವ್ವಾ?"

"ಅವರ ನೆನಪಿನ ದಿನ ಬಿಟ್ಟು ಮತ್ಯಾವತ್ತು?"

ಈ ಸಭೆಗೆ ಹೊತ್ತಾಗಿತ್ತು. ಕಿಸೆಯಲ್ಲಿದ್ದ ಆಣೆಗಳನ್ನೆಲ್ಲ ಅವಳ ಉಡಿಗೆ ಸುರಿದೆ. ಶರಣಪ್ಪ ಇದ್ದಿದ್ದರೂ ನನ್ನ ಪರ ಮಾತಾಡುತ್ತಿರಲಿಲ್ಲ ಬಿಡಿ. ಇನ್ನೂ ಜಾಸ್ತಿ ಕೇಳು ಎಂದು ಅವಳಿಗೇ ಹೇಳಿಕೊಡುತ್ತಿದ್ದ.