ಮಾಯಪ್ಪನ ಬಲಗಾಲು

ಇಚಲಕರಂಜಿಯ ನೇಕಾರ ಮಾಯಪ್ಪನ ಬಲಗಾಲು ಯಾಕೆ ಸೊಟ್ಟಗಾಯಿತು ಎಂದು ಕೇಳಿದರೆ ಓಣಿಯವರು ‘ತಾಲೀಮಿನಲ್ಲಿ ಜಾರಿ ಬಿದ್ದ’ ಎನ್ನುತ್ತಾರೆ. ಸುಳ್ಳು. ಆ ಕಾಲನ್ನು ಮುರಿದವನು ನಾನು. ನನ್ನ ಹೆಸರು ಧನಪಾಲ, ದಾನೋಳಿಯ ಜೈನ ಒಕ್ಕಲುಮನೆಯವನು. ಮಾಯಪ್ಪನ ಕತೆ ಹೇಳುವುದಾದರೆ ಇಲ್ಲಿಂದಲೇ ಶುರು ಮಾಡಬೇಕು. ಇಲ್ಲದಿದ್ದರೆ ಉಳಿದದ್ದೆಲ್ಲ ಬೆಲ್ಲ ಸವರಿದ ಸುಳ್ಳಾಗುತ್ತದೆ.

ಮಾಯಪ್ಪನ ಮನೆಯವರು ಹೊಟ್ಟೆಪಾಡಿಗೆ ರಬಕವಿ ಕಡೆಯಿಂದ ಬಂದವರು. ಅಪ್ಪ ಹಣಮಂತ ವಿದ್ಯುತ್ ಮಗ್ಗದಲ್ಲಿ ದುಡಿಯುತ್ತಿದ್ದ, ತಾಯಿ ಚೆನ್ನವ್ವ ಮನೆಯಲ್ಲಿ ಕೂತು ನೂಲು ಸುತ್ತುತ್ತಿದ್ದಳು. ಒಂದು ದಿನ ಮಗ್ಗದಿಂದ ಲಾಳಿ ಹಾರಿ ಬಂದು ಹಣಮಂತನ ಎಡಗಣ್ಣಿಗೆ ಬಡಿಯಿತು. ಕಣ್ಣು ಹೋಯಿತು, ಎಂಟು ದಿನ ಬಿಟ್ಟು ಅದೇ ಮಗ್ಗದ ಮುಂದೆ ಅವನು ಮತ್ತೆ ನಿಂತ. ತನ್ನ ಮಗ ಮಾತ್ರ ಮಗ್ಗ ಮುಟ್ಟಬಾರದೆಂದು ಚೆನ್ನವ್ವ ಅಂದೇ ಹಟ ಹಿಡಿದಳು. ಮಾಯಪ್ಪ ಆ ಓಣಿಯಲ್ಲಿ ಮ್ಯಾಟ್ರಿಕ್ ಪಾಸಾದ ಮೊದಲನೆಯವನು. ಅವನ ಫುಟ್ಬಾಲ್ ನೋಡಿ ಕೊಲ್ಹಾಪುರದ ಕಾಲೇಜಿನವರು ಫೀ ಬಿಟ್ಟುಕೊಟ್ಟರು.

ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ವರ್ಗದಲ್ಲಿದ್ದೆವು, ಇರುತ್ತಿದ್ದುದು ಒಂದೇ ತಾಲೀಮಿನಲ್ಲಿ, ಅಂದರೆ ಗರಡಿಯಲ್ಲಿ. ಕೊಲ್ಹಾಪುರದಲ್ಲಿ ಆಗ ಫುಟ್ಬಾಲ್ ಆಡುವವರೂ ಕುಸ್ತಿಯ ಮನೆಯಲ್ಲೇ ಬೆಳೆಯಬೇಕು. ಬೆಳಿಗ್ಗೆ ಕೆಂಪು ಮಣ್ಣಿನಲ್ಲಿ ಹೊರಳಾಟ, ಸಂಜೆ ಬರಿಗಾಲಲ್ಲಿ ಚೆಂಡು. ತಾಲೀಮಿನ ಗುರುವಿಗೆ ವಸ್ತಾದ ಅನ್ನುತ್ತಿದ್ದರು. ನಮ್ಮ ವಸ್ತಾದ ಬಾಬಾಸಾಹೇಬ ನಮಗೆ ಮಲಗಲು ಜಾಗ ಕೊಟ್ಟಿದ್ದ, ಹಾಲು ಕುಡಿಸುತ್ತಿದ್ದ, ತಪ್ಪಿದರೆ ಬೆನ್ನ ಮೇಲೆ ಬೆತ್ತ ಮುರಿಯುತ್ತಿದ್ದ.

ನಮ್ಮವ್ವ ಚಂಪಾಬಾಯಿ ಸೋಸದ ನೀರು ಕುಡಿದವಳಲ್ಲ. ದೀಪಕ್ಕೆ ಹುಳ ಬಿದ್ದು ಸತ್ತೀತೆಂದು ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟಿದವಳಲ್ಲ. ಅವಳ ಹೊಟ್ಟೆಯಲ್ಲಿ ಹುಟ್ಟಿದ ನಾನು ವಾರಕ್ಕೊಬ್ಬನ ಮೊಣಕಾಲು ಒಡೆದು ಬರುತ್ತಿದ್ದೆ. ನಾನು ಆಡುತ್ತಿದ್ದುದು ಹಿಂದೆ, ಬ್ಯಾಕಿನಲ್ಲಿ. ಚೆಂಡು ತಪ್ಪಿದರೂ ಆಳು ತಪ್ಪಬಾರದು, ಇದೇ ನನಗೆ ಗೊತ್ತಿದ್ದ ವಿದ್ಯೆ. ಮಾಯಪ್ಪ ಮುಂದೆ ಆಡುವವನು. ನಾನು ಹೊಡೆದು ದಾರಿ ಮಾಡುವುದು, ಅವನು ಗೋಲು ಹೊಡೆಯುವುದು, ಜನ ಅವನನ್ನು ಹೆಗಲ ಮೇಲೆ ಹೊತ್ತು ಕುಣಿಯುವುದು.

1938ರ ಡಿಸೆಂಬರಿನಲ್ಲಿ ಗಡಹಿಂಗ್ಲಜದಲ್ಲಿ ಆ ಊರಿನ ತಂಡದ ಮೇಲೆ ಫೈನಲ್ ಆಡಿದೆವು. ಆಟ ಶುರುವಾದ ಐದೇ ನಿಮಿಷಕ್ಕೆ ಅವರ ಕಡೆಯ ಒಬ್ಬ ಮೊಣಕೈಯಿಂದ ಮಾಯಪ್ಪನ ಹುಬ್ಬು ಸೀಳಿದ. ನಾನು ಅವನ ಮೂಗಿಗೆ ತಲೆಯಿಂದ ಗುದ್ದಿದೆ. ಅವನ ಅಣ್ಣ ಹಿಂದಿನಿಂದ ಬಂದು ನನ್ನ ಬಾಯಿಗೆ ಹೊಡೆದ. ಎರಡು ಹಲ್ಲು ಉಗುಳಿ ಮತ್ತೆ ಆಡಿದೆ. ಬೇಲಿಯ ಆಚೆಯಿಂದ ಕಲ್ಲು ಬೀಳುತ್ತಿದ್ದವು. ಮಾಯಪ್ಪ ಒಂದು ಕಣ್ಣಿಗೆ ರಕ್ತ ಇಳಿದು ಮುಚ್ಚಿಹೋಗಿದ್ದರೂ ಎರಡು ಗೋಲು ಹೊಡೆದ. ಎರಡನೆಯದಂತೂ ಮೂವರನ್ನು ಮಂಗ ಮಾಡಿ ಹೊಡೆದದ್ದು, ಅಂಥದ್ದನ್ನು ನಾನು ಮತ್ತೆ ನೋಡಲಿಲ್ಲ. ಆಟ ಮುಗಿದೊಡನೆ ಬಡಿಗೆ ಹಿಡಿದು ಊರೇ ಒಳಗೆ ನುಗ್ಗಿತು. ನಾವು ಗೆದ್ದ ಕಪ್ಪನ್ನು ಅಲ್ಲೇ ಬಿಟ್ಟು ಓಡಿದೆವು.

ಮುಂಬೈಯ ಒಂದು ಬಟ್ಟೆ ಮಿಲ್ಲಿನ ಮನುಷ್ಯ ಆ ಆಟ ನೋಡಿದ್ದ. ಮರುವಾರ ತಾಲೀಮಿಗೆ ಬಂದು ನೇರವಾಗಿ ಮಾಯಪ್ಪನ ಎದುರು ಕೂತ.

“ಮಾರ್ಚ ಒಂದನೇ ತಾರೀಖಿಗೆ ಬಾ. ಮಿಲ್ಲಿನ ಟೀಮಿನ್ಯಾಗ ಆಡು. ಪಗಾರ, ಇರಾಕ ಖೋಲಿ, ಬೂಟು ಎಲ್ಲಾ ಕೊಡ್ತೇವಿ.”

“ಬಿ.ಎ. ಮುಗಿಯಾಕ ಇನ್ನೂ ವರ್ಷದ ಮ್ಯಾಲೈತ್ರಿ,” ಅಂದ ಮಾಯಪ್ಪ.

“ಪರೀಕ್ಷೆ ಮುದುಕ ಆದಮ್ಯಾಲೂ ಬರೀಬಹುದಪಾ. ಗೋಲು ಹೊಡಿಯೂ ಕಾಲಿಗೆ ಮಾತ್ರ ವಯಸ್ಸೈತಿ.”

ನಾನು ಪಕ್ಕದಲ್ಲೇ ನಿಂತಿದ್ದೆ, ತುಟಿ ಇನ್ನೂ ಬಾತುಕೊಂಡಿತ್ತು. ಆತ ನನ್ನ ಮುಖ ನೋಡಿದ, “ಈ ಬ್ಯಾಕಿನಾಂವನೂ ಗಟ್ಟಿ ಅದಾನ. ಆದರ ಒಬ್ಬನ್ನ ಅಷ್ಟ ಕರಕೊಂಡ ಬಾ ಅಂದಾರ,” ಅಂದ. ನನ್ನ ಹೆಸರನ್ನೂ ಕೇಳಲಿಲ್ಲ. ಆ ಕ್ಷಣದಲ್ಲಿ ನನ್ನ ಹೊಟ್ಟೆಯಲ್ಲಿ ಬಿದ್ದ ಕಿಚ್ಚನ್ನು ಹೊಟ್ಟೆಕಿಚ್ಚು ಅನ್ನದೆ ಬೇರೆ ಏನನ್ನೂ ಅನ್ನಲಾರೆ.

ಇಚಲಕರಂಜಿಯ ಮನೆಯಲ್ಲಿ ರಂಪವಾಯಿತು. ಮಿಲ್ಲಿನವರು ಆಟಗಾರನ ಹೆಸರನ್ನು ನೇಕಾರನೆಂದೇ ಹಾಜರಿ ಪುಸ್ತಕಕ್ಕೆ ಹಚ್ಚುತ್ತಾರೆಂದು ಚೆನ್ನವ್ವನಿಗೆ ತಿಳಿದದ್ದೇ ತಡ, ಕೈಯಲ್ಲಿದ್ದ ನೂಲು ಬಿಸಾಕಿ ಮಗನ ಕೆನ್ನೆಗೆ ಬಿಟ್ಟಳು.

“ಮಗ್ಗ ಬಿಡಸಾಕಂತ ಕಾಲೇಜಿಗೆ ಕಳಿಸಿದ್ರ ಮುಂಬೈ ಮಗ್ಗಕ್ಕ ಹೊಂಟಿ ಏನೋ?”

“ಪುಸ್ತಕದಾಗ ಅಷ್ಟ ಬೇ ನೇಕಾರ. ನಾ ಆಡೂದು ಚೆಂಡ.”

“ಹೋಗ್ಲಿ ಬಿಡ,” ಅಂದ ಹಣಮಂತ. “ನಮ್ಮ ಮಂದ್ಯಾಗ ಆಟ ಆಡಿದ್ದಕ್ಕ ಪಗಾರ ಯಾರಿಗರೆ ಕೊಟ್ಟಾರೇನು?”

ಮಾಯಪ್ಪ ಹೋಗುವುದೆಂದು ತೀರ್ಮಾನ ಮಾಡಿದ. ಆದರೆ ವಸ್ತಾದ ಬಿಡಬೇಕಲ್ಲ! ಹಾಲು ಕುಡಿಸಿ ಬೆಳೆಸಿದ ಆಳು ಇನ್ನೊಬ್ಬರ ಅಂಗಿ ಹಾಕಿಕೊಂಡು ಆಡುವುದನ್ನು ಬಾಬಾಸಾಹೇಬ ಸಹಿಸುವವನಲ್ಲ. ನಮ್ಮ ಪೇಟೆಯಲ್ಲಿ ಒಂದು ಪದ್ಧತಿ ಇತ್ತು: ಮಾತಿನಿಂದ ತೀರದ ತಂಟೆಯನ್ನು ಕುಸ್ತಿಯಿಂದ ತೀರಿಸುವುದು, ಆಮೇಲೆ ಯಾರೂ ಚಕಾರ ಎತ್ತುವಂತಿಲ್ಲ.

“ಧನಪಾಲನ ಜೋಡಿ ಆಡು,” ಅಂದ ಬಾಬಾಸಾಹೇಬ. “ಗೆದ್ದ್ಯೋ, ಮುಂಬೈ. ಸೋತ್ಯೋ, ಬಿ.ಎ. ಮುಗಿಯೂತನಕ ಇಲ್ಲೇ. ಮಾನ್ಯ?”

“ಮಾನ್ಯರಿ.”

ಹೀಗೆ ಒಂದು ಕಾಲಿನ ಬದುಕನ್ನು ಅದೇ ಕಾಲಿನ ಮೇಲೆ ಜೂಜಿಗಿಟ್ಟೆವು. ಫುಟ್ಬಾಲ್ ಆಡುವವನನ್ನು ಇಂಥದ್ದಕ್ಕೆ ಮಣ್ಣಿಗಿಳಿಸಬಾರದು ಎಂಬ ಬುದ್ಧಿ ಕಾಲೇಜು ಕಲಿತ ನಮಗೂ ಹೊಳೆಯಲಿಲ್ಲ. ಚೆನ್ನವ್ವ ಇಚಲಕರಂಜಿಯಿಂದ ಬಂದು ತಾಲೀಮಿನ ಹೊರಗೆ ನನ್ನ ಎರಡೂ ಕೈ ಹಿಡಿದಳು. “ಅವನ್ನ ಕೆಡವೋ ಯಪ್ಪಾ, ನಿನ್ನ ಕಾಲ ಬೀಳ್ತೇನಿ.” ನನಗೆ ಬೇಕಾದದ್ದನ್ನೇ ಒಬ್ಬ ತಾಯಿ ಬೇಡುತ್ತಿದ್ದಳು. ಪಾಪವನ್ನು ಪುಣ್ಯವೆಂದುಕೊಳ್ಳಲು ಅಷ್ಟು ಸಾಕಾಗಿತ್ತು.

ಫೆಬ್ರವರಿಯ ಒಂದು ಸೋಮವಾರ ಬೆಳಿಗ್ಗೆ ಪೇಟೆಯ ಗಂಡಸರೆಲ್ಲ ಸೇರಿದರು. ಮಾಯಪ್ಪ ನನಗಿಂತ ಹಗುರ, ಆದರೆ ಮೀನಿನ ಹಾಗೆ ಜಾರುತ್ತಿದ್ದ. ಎರಡು ಸಲ ನನ್ನನ್ನು ಮಂಡಿಗೆ ತಂದ. ಜನ ನಕ್ಕರು. ಆ ನಗು ಕೇಳಿ ನನ್ನ ತಲೆ ಕೆಟ್ಟಿತು. ಅವನ ಕುತ್ತಿಗೆಗೆ ಬಡಿದು, ಸೊಂಟ ಹಿಡಿದೆತ್ತಿ ಬೋರಲು ಒಗೆದೆ. ಬೆನ್ನ ಮೇಲೆ ಕೂತು ಅವನ ಬಲಗಾಲನ್ನು ನನ್ನ ಕಂಕುಳಿಗೆ ತಂದುಕೊಂಡೆ. ಇನ್ನು ಮಗುಚಿ ಬೆನ್ನು ಮಣ್ಣಿಗೆ ತಾಗಿಸಿದರೆ ಕುಸ್ತಿ ಮುಗಿಯಿತು.

ಮಣ್ಣು ತುಂಬಿದ ಬಾಯಿಂದ ಅವನು ನನಗೊಬ್ಬನಿಗೇ ಕೇಳುವಂತೆ ಅಂದ, “ಸೋತ್ನಿ ಧನ್ಯಾ, ಬಿಡೋ.”

ಬಿಡಲಿಲ್ಲ. ಮಿಲ್ಲಿನವನು ಹೆಸರು ಕೇಳದೆ ಹೋದದ್ದು ನೆನಪಾಯಿತು. ಪಾದ ಹಿಡಿದು ತಿರುಚಿದೆ. ಅವನು ಕಿರುಚಿದ. ಇನ್ನೂ ತಿರುಚಿದೆ. ಮೊಣಕಾಲಿನೊಳಗೆ ಕಬ್ಬು ಮುರಿದಂಥ ಸದ್ದಾಯಿತು.

ಮೊದಲು ವಸ್ತಾದನ ಬೆತ್ತ ಬಿತ್ತು, ಆಮೇಲೆ ಸಿಕ್ಕವರ ಕೈ, ಕಾಲು. ಒಬ್ಬ ಮಣ್ಣು ಅಗೆಯುವ ಗುದ್ದಲಿಯನ್ನೇ ಎತ್ತಿದ. ಬೇಕಂತಲೇ ಮುರಿದೆನೆಂದು ಗೊತ್ತಾಗಿದ್ದರೆ ಅಂದು ನನ್ನ ಹೆಣ ಬೀಳುತ್ತಿತ್ತು. ಆಗ ಮಾಯಪ್ಪ ನೆಲದ ಮೇಲಿಂದಲೇ ಕೂಗಿದ:

“ಅವಂದೇನ ತಪ್ಪಿಲ್ರಿ! ಕಾಲ ನಂದ ಜಾರಿತ್ರಿ! ಬಿಡ್ರಿ ಅವನ್ನ!”

ಬಿಟ್ಟರು. ನಾನು ಅವನ ಮುಖ ನೋಡಲಿಲ್ಲ.

ಎಲುಬು ಕೂಡಿಸುವವನು ಬಿದಿರ ಚಕ್ಕೆ ಕಟ್ಟಿದ. ಕೂಡಿತು, ಆದರೆ ಸೊಟ್ಟಗೆ. ಪರೀಕ್ಷೆಯ ಹೊತ್ತಿಗೆ ಮಾಯಪ್ಪ ಹಾಸಿಗೆಯಲ್ಲಿದ್ದ. ಆಡಲಾರದವನ ಫೀ ಯಾರು ಬಿಡುತ್ತಾರೆ? ಕಾಲೇಜೂ ಹೋಯಿತು. ಮಾರ್ಚ್ ಒಂದಕ್ಕೆ ಕರೆದೊಯ್ಯಲು ಬಂದ ಮಿಲ್ಲಿನವನು ಬರಿಗೈಲಿ ಹೋಗಲಾರದೆ ನನ್ನನ್ನು ಕೇಳಿದ. ನಾನು ಹೋದೆ. ಹೌದು, ನಾಚಿಕೆಯಿಲ್ಲದೆ ಹೋದೆ. ಒಂದೇ ವರ್ಷಕ್ಕೆ ಅವರು ನನ್ನನ್ನು ಹಿಂದಕ್ಕೆ ಕಳಿಸಿದರು, ಬಂದು ದಾನೋಳಿಯಲ್ಲಿ ಎತ್ತು ಹೂಡಿದೆ. ಅಷ್ಟರಲ್ಲಿ ಮಾಯಪ್ಪ ತನ್ನ ಅಪ್ಪನ ಮಗ್ಗದ ಮುಂದೆ ಒಂಟಿ ಕಾಲಿನ ಮೇಲೆ ಭಾರ ಹಾಕಿ ನಿಂತಿದ್ದ. ಚೆನ್ನವ್ವ ಅವನನ್ನು ಅಲ್ಲಿ ನೋಡಲಾರದೆ ಆ ಕಡೆ ಹೆಜ್ಜೆ ಇಡುವುದನ್ನೇ ಬಿಟ್ಟಳು. ತಾನೇ ಬೇಡಿಕೊಂಡೆನೆಂದು ಕೊರಗಿ ಕೊರಗಿ ಸತ್ತಳು.

1947ರ ಬೇಸಗೆಯಲ್ಲಿ ನನ್ನ ತಂಗಿ ಶಾಲನಳ ಮದುವೆಗೆ ಕರೆಯಲು ಅವನ ಮನೆಗೆ ಹೋದೆ. ಅಷ್ಟರಲ್ಲಿ ಅವನು ಮನೆಯಲ್ಲೇ ಒಂದು ಸ್ವಂತ ಮಗ್ಗ ಹಾಕಿಕೊಂಡಿದ್ದ. ನನ್ನನ್ನು ಕಂಡದ್ದೇ ಮಾಯಪ್ಪ ಮಗ್ಗ ನಿಲ್ಲಿಸಿ ಹೆಂಡತಿಗೆ ಕೂಗಿದ: “ಮಲಕವ್ವಾ, ಲಗೂನ ರೊಟ್ಟಿ ಬಡಿ. ಹೊತ್ತ ಮುಣಗಿದ್ರ ಇಂವ ಉಣ್ಣೂದಿಲ್ಲ.” ಕುಂಟುತ್ತ ತಾನೇ ಓಡಾಡಿ ತಟ್ಟೆ ತಂದಿಟ್ಟ. ರೊಟ್ಟಿ ಮುರಿದು ಮತ್ತೆ ತಟ್ಟೆಯಲ್ಲೇ ಇಟ್ಟೆ. ಮಲಕವ್ವ ನೀರಿಗೆ ಹೋದ ಮೇಲೆ ಹೇಳಿಬಿಟ್ಟೆ.

“ಮಾಯಪ್ಪಾ, ನಿನ್ನ ಕಾಲ ನಾ ಬೇಕಂತ ಮುರದೇನಿ.”

“ಗೊತ್ತೈತಿ,” ಅಂದ. “ಬಿಡೋ ಅಂದದ್ದು ನಿನಗ ಕೇಳಿತ್ತು. ಎಂಟ ವರ್ಷ ಆತು, ನೀ ಯಾವಾಗ ಬಾಯಿ ಬಿಡ್ತಿ ಅಂತ ಕಾದೇನಿ.”

ಗೂಟದಲ್ಲಿದ್ದ ಮಗ್ಗದ ತೊಗಲ ಪಟ್ಟಿಯನ್ನು ತೆಗೆದುಕೊಂಡ. ಮೊದಲ ಏಟು ಮುಖಕ್ಕೆ ಬಿತ್ತು. ಆಮೇಲೆ ಹೆಗಲು, ಬೆನ್ನು, ತೊಡೆ. ನಾನು ಕೈ ಎತ್ತಲಿಲ್ಲ. ಅಂಗಿ ಹರಿಯಿತು, ಚರ್ಮ ಹರಿಯಿತು, ರೊಟ್ಟಿಯ ತಟ್ಟೆಗೆ ರಕ್ತ ಸಿಡಿಯಿತು. ಅವನು ಏದುಸಿರು ಹತ್ತುವ ತನಕ ಹೊಡೆದ. ಆಮೇಲೆ ಗೋಡೆಗೆ ಒರಗಿ ನಿಂತು, ಮಾಮೂಲಿ ದನಿಯಲ್ಲಿ ಕೇಳಿದ:

“ಮುಂಬೈದಾಗ ನನ್ನ ಜಾಗಾದಾಗ ಆಡಿಸಿದ್ರಂತ. ಎಷ್ಟ ಗೋಲು ಹೊಡದಿ?”

ಸುಳ್ಳು ಹೇಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

“ಒಂದೂ ಇಲ್ಲ.”

ಕಾಲು ಮುರಿದಾಗ ಕಿರುಚಿದ್ದನೇ ಹೊರತು ಅವನು ಅತ್ತಿರಲಿಲ್ಲ. ಈಗ ಪಟ್ಟಿ ಕೈಯಿಂದ ಜಾರಿತು. ಸೊಟ್ಟ ಕಾಲನ್ನು ಮುಂದೆ ಚಾಚಿ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ.

“ಒಂದರೆ ಹೊಡೀಬೇಕಿತ್ತಲ್ಲೋ, ಧನ್ಯಾ.”